ಬಿಗಿಯಾದ ಅಳತೆ, ತಪ್ಪಾದ ಜಾಗ: ತಿದ್ದುಪಡಿ ಸೇವೆ ಬಳಸಿದ ಒಂದು ಸ್ಥಾನನಿರ್ಣಯದ ಪ್ರಕರಣ

ವಿಶಾಲವಾದ ಆವರಣವೊಂದರ ನೆಲವನ್ನು ಮಣ್ಣು ತುಂಬಿ ಎತ್ತರಿಸುವ ಮೊದಲು, ಅಲ್ಲಿ ಹಾದುಹೋಗಿದ್ದ ನೀರಿನ ಕೊಳವೆಗಳ ವಾಲ್ವ್‌ಗಳು ಎಲ್ಲೆಲ್ಲಿವೆ ಎಂಬುದನ್ನು ಅಕ್ಷಾಂಶ ರೇಖಾಂಶ ಸಮೇತ ದಾಖಲಿಸಿಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಪ್ರತಿ ವಾಲ್ವ್‌ನ ಮೇಲೂ 60 ಸೆಂಟಿಮೀಟರ್ ಅಗಲದ ಕಬ್ಬಿಣದ ಮುಚ್ಚಳವಿತ್ತು. ಮಣ್ಣು ಬಿದ್ದ ಮೇಲೆ ಯಾವುದೂ ಕಾಣುವಂತಿರಲಿಲ್ಲ. ಮುಂದೆ ದುರಸ್ತಿಗೆ ಬರುವವರಿಗೆ ನಮ್ಮ ಪಟ್ಟಿಯೊಂದೇ ಗತಿ. ಪಟ್ಟಿಯಲ್ಲಿರುವ ಸ್ಥಾನ 3 ಮೀಟರ್‌ವರೆಗೆ ತಪ್ಪಿರಬಹುದಾದರೆ ಅವರು ಸುಮಾರು 28 ಚದರ ಮೀಟರ್ ನೆಲ ಅಗೆಯಬೇಕಾಗುತ್ತದೆ. ತಪ್ಪು 30 ಸೆಂಟಿಮೀಟರ್‌ಗೆ ಇಳಿದರೆ ಅಗೆಯುವ ಜಾಗ 0.28 ಚದರ ಮೀಟರ್, ಅಂದರೆ ನೂರರಲ್ಲಿ ಒಂದು ಪಾಲು. ಹೀಗಾಗಿ 30 ಸೆಂಟಿಮೀಟರ್ ಎಂಬುದು ನಾವು ಸುಮ್ಮನೆ ಆರಿಸಿಕೊಂಡ ಗುರಿಯಾಗಿರಲಿಲ್ಲ, ಗುದ್ದಲಿ ಹಿಡಿಯುವವರ ಶ್ರಮವೇ ಅದನ್ನು ನಿಗದಿ ಮಾಡಿತ್ತು.

ಆವರಣದೊಳಗೆ ಹಿಂದಿನ ಮೋಜಣಿಯ ಮೂರು ಸರ್ವೆ ಕಲ್ಲುಗಳಿದ್ದವು. ಅವುಗಳ ನಿರ್ದೇಶಾಂಕಗಳು ಯಾವ ಉಲ್ಲೇಖ ಚೌಕಟ್ಟಿನಲ್ಲಿ (ಅಂದರೆ ಸ್ಥಾನ ಅಳೆಯಲು ಒಪ್ಪಿಕೊಂಡ ಯಾವ ಆಧಾರದಲ್ಲಿ), ಯಾವ ಕಾಲಕ್ಕೆ ಸಂಬಂಧಿಸಿದವು ಎಂಬ ವಿವರವಿದ್ದ ಹಾಳೆಯೂ ನಮ್ಮ ಕೈಯಲ್ಲಿತ್ತು. ಈ ಕಲ್ಲುಗಳು ಇರದಿದ್ದರೆ ಮುಂದೆ ಹೇಳಲಿರುವ ತಪ್ಪು ಕೊನೆಯವರೆಗೂ ಬೆಳಕಿಗೆ ಬರುತ್ತಿರಲಿಲ್ಲ.

ಬರಿಯ ರಿಸೀವರ್‌ನ ಒಂದು ದಿನ

ಮೊದಲು ಕೈಗೆತ್ತಿಕೊಂಡದ್ದು ಒಂದೇ ಆವರ್ತನದ, ಅಂದರೆ 1575.42 ಮೆಗಾಹರ್ಟ್ಸ್‌ನ ಎಲ್1 ಸಂಕೇತವನ್ನಷ್ಟೇ ಹಿಡಿಯುವ ಸಾಧಾರಣ ಉಪಗ್ರಹ ಸ್ಥಾನನಿರ್ಣಯ ರಿಸೀವರ್. ಅದರ ಆಂಟೆನಾವನ್ನು ಒಂದು ಸರ್ವೆ ಕಲ್ಲಿನ ಮೇಲೆ ನಿಲ್ಲಿಸಿ, ಇಡೀ ದಿನ ಸೆಕೆಂಡಿಗೊಂದರಂತೆ ಸ್ಥಾನವನ್ನು ಬರೆದುಕೊಂಡೆವು. ಹೆಚ್ಚಿನ ಹೊತ್ತು ಸ್ಥಾನವು ಕಲ್ಲಿನಿಂದ ಎರಡು ಮೂರು ಮೀಟರ್ ಒಳಗಿತ್ತು. ಮಧ್ಯಾಹ್ನದ ನಂತರ ಒಮ್ಮೊಮ್ಮೆ ಐದು ಮೀಟರ್‌ನ ಹತ್ತಿರಕ್ಕೂ ಹೋಯಿತು. ಆದರೆ ನಮ್ಮನ್ನು ದಾರಿ ತಪ್ಪಿಸಬಹುದಾಗಿದ್ದದ್ದು ತಪ್ಪಿನ ಗಾತ್ರವಲ್ಲ, ಅದರ ನಡತೆ. ಪರದೆಯ ಮೇಲಿನ ಚುಕ್ಕೆ ಜಿಗಿದಾಡುತ್ತಿರಲಿಲ್ಲ. ಒಂದು ಕಡೆ ತಣ್ಣಗೆ ಕೂತಂತೆ ಕಾಣುತ್ತಾ, ಗಂಟೆಗಟ್ಟಲೆ ಕಾಲದಲ್ಲಿ ನಿಧಾನವಾಗಿ ತೆವಳುತ್ತಿತ್ತು. ಬೆಳಗಿನ ಹತ್ತು ನಿಮಿಷದ ಸರಾಸರಿಗೂ ಮಧ್ಯಾಹ್ನದ ಹತ್ತು ನಿಮಿಷದ ಸರಾಸರಿಗೂ ಎರಡು ಮೀಟರ್‌ಗಿಂತ ಹೆಚ್ಚು ಅಂತರವಿತ್ತು. ಒಂದೇ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಸರಾಸರಿ ತೆಗೆದರೆ ಸಾಕು ಎಂಬ ರೂಢಿಯ ಸಲಹೆ ಇಲ್ಲಿ ಹೆಚ್ಚು ಕೆಲಸಕ್ಕೆ ಬಾರದು. ಸರಾಸರಿಯು ಗದ್ದಲವನ್ನು ಅಳಿಸುತ್ತದೆ, ಎಲ್ಲ ಓದಿಕೆಗಳನ್ನೂ ಒಂದೇ ಕಡೆಗೆ ಎಳೆದಿರುವ ದೋಷವನ್ನು ಅಳಿಸುವುದಿಲ್ಲ.

ಆ ಎಳೆತದ ಮುಖ್ಯ ಕಾರಣ ಅಯಾನುಗೋಳ, ಅಂದರೆ ಮೇಲಿನ ವಾತಾವರಣದಲ್ಲಿ ಬಿಡಿ ಎಲೆಕ್ಟ್ರಾನ್‌ಗಳು ತುಂಬಿರುವ ಪದರ. ಉಪಗ್ರಹ ಸ್ಥಾನನಿರ್ಣಯವೆಂದರೆ ಮೂಲತಃ ಸಮಯದ ಅಳತೆ. ಒಂದು ನ್ಯಾನೊಸೆಕೆಂಡ್ ಹೆಚ್ಚು ಕಡಿಮೆಯಾದರೆ ದೂರದಲ್ಲಿ 30 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬರುವ ಸಂಕೇತವು ಅಯಾನುಗೋಳದ ಎಲೆಕ್ಟ್ರಾನ್‌ಗಳ ನಡುವೆ ಹಾಯುವಾಗ ತಡವಾಗುತ್ತದೆ. ಆ ಎಲೆಕ್ಟ್ರಾನ್ ಸಾಂದ್ರತೆಯನ್ನು ಅಳೆಯುವ ಒಂದು ಏಕಮಾನಕ್ಕೆ, ಅಂದರೆ ಪ್ರತಿ ಚದರ ಮೀಟರ್ ಕಂಬಕ್ಕೆ 10ರ 16ನೇ ಘಾತದಷ್ಟು ಎಲೆಕ್ಟ್ರಾನ್‌ಗಳಿಗೆ, ಎಲ್1 ಆವರ್ತನದಲ್ಲಿ 16 ಸೆಂಟಿಮೀಟರ್ ತಡ ಸೇರುತ್ತದೆ. ಇಂತಹ 50 ಏಕಮಾನಗಳಿರುವ ಮಧ್ಯಾಹ್ನದಲ್ಲಿ ನೆತ್ತಿಯ ಮೇಲಿನ ಉಪಗ್ರಹದ ದೂರವೇ 8 ಮೀಟರ್ ಹೆಚ್ಚಾಗಿ ಕಾಣುತ್ತದೆ. ಜಿಪಿಎಸ್ ಉಪಗ್ರಹಗಳು ಬಿತ್ತರಿಸುವ ಎಂಟು ಗುಣಾಂಕಗಳ ಕ್ಲೋಬುಚರ್ ಮಾದರಿಯು ಇದರಲ್ಲಿ ಸರಿಸುಮಾರು ಅರ್ಧವನ್ನು ಕಳೆಯುವ ಉದ್ದೇಶದ್ದು. ಉಳಿದರ್ಧ ರಿಸೀವರ್‌ನ ಲೆಕ್ಕದೊಳಗೇ ಉಳಿಯುತ್ತದೆ. ಇದರ ಜೊತೆಗೆ ಉಪಗ್ರಹದ ಗಡಿಯಾರದ ಮತ್ತು ಕಕ್ಷೆಯ ಸಣ್ಣ ದೋಷಗಳು, ಕೆಳ ವಾತಾವರಣದ ತಡ, ಸುತ್ತಲಿನ ಗೋಡೆಗಳಿಗೆ ಬಡಿದು ಬರುವ ಪ್ರತಿಫಲಿತ ಸಂಕೇತ, ರಿಸೀವರ್‌ನದೇ ಗದ್ದಲ ಸೇರುತ್ತವೆ.

ತಿದ್ದುಪಡಿ ಸೇವೆಗಳ ತತ್ವ ಸರಳವಾದದ್ದು. ನಿಖರ ಸ್ಥಾನ ಗೊತ್ತಿರುವ ಒಂದು ಜಾಗದಲ್ಲಿ ಇನ್ನೊಂದು ರಿಸೀವರ್ ನಿಲ್ಲಿಸಿದರೆ (ಇದನ್ನೇ ನೆಲೆ ಕೇಂದ್ರ ಎನ್ನುತ್ತಾರೆ), ಅದು ಅಳೆದ ದೂರಕ್ಕೂ ಇರಬೇಕಾದ ದೂರಕ್ಕೂ ಇರುವ ವ್ಯತ್ಯಾಸವೇ ಆ ಹೊತ್ತಿನ ದೋಷ. ಹತ್ತಿರದಲ್ಲಿರುವ ನಮ್ಮ ರಿಸೀವರ್ ಕೂಡ ಹೆಚ್ಚುಕಡಿಮೆ ಅದೇ ದೋಷವನ್ನು ಅನುಭವಿಸುತ್ತಿರುವುದರಿಂದ ಅದನ್ನು ಕಳೆದುಬಿಡಬಹುದು. ಇದರಲ್ಲಿ ಅಡಗಿರುವ ಎರಡು ಷರತ್ತುಗಳನ್ನು ನಾವು ಓದಿ ತಿಳಿದಿದ್ದೆವಾದರೂ ಅನುಭವಕ್ಕೆ ಬಂದದ್ದು ತಡವಾಗಿ. ಇಬ್ಬರಿಗೂ ಸಮಾನವಾದ ದೋಷ ಮಾತ್ರ ಕಳೆದುಹೋಗುತ್ತದೆ ಎಂಬುದು ಮೊದಲನೆಯದು. ಆ ಇನ್ನೊಂದು ರಿಸೀವರ್ ನಿಂತಿರುವ ಜಾಗ ನಿಜವಾಗಿಯೂ ಗೊತ್ತಿರಬೇಕು ಎಂಬುದು ಎರಡನೆಯದು.

ಆಕಾಶದಿಂದ ಬರುವ ತಿದ್ದುಪಡಿ

ಖರ್ಚಿಲ್ಲದ ಮೊದಲ ಹೆಜ್ಜೆಯೆಂದರೆ ರಿಸೀವರ್‌ನ ಸಂಯೋಜನೆಯಲ್ಲಿ ಎಸ್‌ಬಿಎಎಸ್ ಅನ್ನು, ಅಂದರೆ ಉಪಗ್ರಹದ ಮೂಲಕ ತಿದ್ದುಪಡಿ ಬಿತ್ತರಿಸುವ ವ್ಯವಸ್ಥೆಯನ್ನು, ಚಾಲೂ ಮಾಡುವುದು. ಅಮೆರಿಕದ ವಾಸ್ 2003ರಲ್ಲಿ, ಜಪಾನಿನ ಎಂಸ್ಯಾಸ್ 2007ರಲ್ಲಿ ಕಾರ್ಯಾರಂಭ ಮಾಡಿದವು. ಯುರೋಪಿನ ಎಗ್ನೋಸ್‌ನ ಮುಕ್ತ ಸೇವೆ 2009ರಲ್ಲಿ ಆರಂಭವಾಯಿತು. ಭಾರತದ ಗಗನ್ ಕೂಡ ಇದೇ ಬಗೆಯದು. ಇವೆಲ್ಲವೂ ಮೂಲತಃ ವಿಮಾನಗಳಿಗಾಗಿ ಕಟ್ಟಿದ ವ್ಯವಸ್ಥೆಗಳು. ನೆಲದ ಮೇಲಿನ ಕೇಂದ್ರಗಳ ಜಾಲ ದೋಷಗಳನ್ನು ಅಳೆಯುತ್ತದೆ. ಭೂಸ್ಥಿರ ಉಪಗ್ರಹವು ಅವನ್ನು ಅದೇ ಎಲ್1 ಆವರ್ತನದಲ್ಲಿ, ಸೆಕೆಂಡಿಗೆ 250 ಬಿಟ್‌ಗಳ ವೇಗದಲ್ಲಿ ಬಿತ್ತರಿಸುತ್ತದೆ. ಇಷ್ಟು ಕಿರಿದಾದ ದಾರಿಯಲ್ಲಿ ಇಡೀ ಖಂಡದ ಅಯಾನುಗೋಳವನ್ನು ಹೇಳಬೇಕಾದ್ದರಿಂದ ಅದನ್ನು ಸಾಮಾನ್ಯವಾಗಿ ಐದು ಡಿಗ್ರಿ ಅಂತರದ ಜಾಲರಿಯ ಬಿಂದುಗಳಲ್ಲಿ ಹೇಳಲಾಗುತ್ತದೆ, ನಡುವಿನದನ್ನು ರಿಸೀವರ್ ಅಂದಾಜಿಸಿಕೊಳ್ಳುತ್ತದೆ.

ನಮ್ಮ ಕಲ್ಲಿನ ಮೇಲೆ ಇದರಿಂದ ದಿನದ ತೆವಳಾಟ ಸುಮಾರು ಅರ್ಧಕ್ಕೆ ಇಳಿಯಿತು. ತಪ್ಪು ಬಹುಪಾಲು ಒಂದರಿಂದ ಒಂದೂವರೆ ಮೀಟರ್ ಒಳಗೆ ನಿಂತಿತು. ಬಿಟ್ಟಿ ಸಿಗುವ ಸುಧಾರಣೆಗೆ ಇದು ಕಡಿಮೆಯೇನಲ್ಲ, ಆದರೆ 30 ಸೆಂಟಿಮೀಟರ್ ಇನ್ನೂ ದೂರವಿತ್ತು.

ಅಂತರ್ಜಾಲದ ಮೂಲಕ ನೆಲೆ ಕೇಂದ್ರ

ಮುಂದಿನ ಹಂತಕ್ಕೆ ಎನ್‌ಟ್ರಿಪ್ ಬಳಸಿದೆವು. ಜರ್ಮನಿಯ ಒಕ್ಕೂಟ ಸರ್ಕಾರದ ಭೂಪಟ ಮತ್ತು ಭೂಮಾಪನ ಸಂಸ್ಥೆಯಾದ ಬಿಕೆಜಿ ರೂಪಿಸಿದ ಈ ವಿಧಾನವನ್ನು, ಇಂತಹ ಮಾನಕಗಳನ್ನು ರೂಪಿಸುವ ಆರ್‌ಟಿಸಿಎಂ ಸಂಸ್ಥೆ 2004ರಲ್ಲಿ ಮಾನಕವಾಗಿ ಒಪ್ಪಿತು. ನೆಲೆ ಕೇಂದ್ರಗಳು ತಮ್ಮ ದತ್ತಾಂಶವನ್ನು ಕಾಸ್ಟರ್ ಎಂಬ ಸರ್ವರಿಗೆ ಕಳಿಸುತ್ತವೆ. ಅಲ್ಲಿ ಪ್ರತಿ ಕೇಂದ್ರಕ್ಕೂ ಮೌಂಟ್‌ಪಾಯಿಂಟ್ ಎಂಬ ಹೆಸರಿರುತ್ತದೆ. ಬಳಕೆದಾರ ಸಾಮಾನ್ಯವಾಗಿ 2101ನೇ ಪೋರ್ಟ್ ಮೂಲಕ ಬೇಕಾದ ಹೆಸರನ್ನು ಕೇಳಿ ಪಡೆಯುತ್ತಾನೆ. ರೇಡಿಯೊ ಪ್ರಸಾರವನ್ನು ಅಂತರ್ಜಾಲದ ಮೇಲೆ ಕೇಳಿದಂತೆಯೇ ಇದೂ. ನಮ್ಮಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ ಆಸಕ್ತರೊಬ್ಬರು ಉಚಿತವಾಗಿ ನಡೆಸುತ್ತಿದ್ದ ಕೇಂದ್ರವೊಂದು ಪಟ್ಟಿಯಲ್ಲಿ ಕಂಡಿತು. ಅದನ್ನೇ ಆರಿಸಿಕೊಂಡೆವು.

ಮೊದಲು ಅದೇ ಸಾಧಾರಣ ರಿಸೀವರ್‌ನ ಕಚ್ಚಾ ಅಳತೆಗಳನ್ನು ಲ್ಯಾಪ್‌ಟಾಪಿಗೆ ಕೊಟ್ಟು, ಟೊಮೊಜಿ ತಕಾಸು ಬರೆದ ಆರ್‌ಟಿಕೆಲಿಬ್ ಎಂಬ ಮುಕ್ತ ತಂತ್ರಾಂಶದಲ್ಲಿ, ಸಂಕೇತದ ಕೋಡ್ (ಉಪಗ್ರಹವು ಅಲೆಯ ಮೇಲೆ ಹೇರಿ ಕಳಿಸುವ ಅಂಕಿಗಳ ಸಾಲು) ಅಳತೆಗೆ ಮಾತ್ರ ತಿದ್ದುಪಡಿ ಹಚ್ಚಿದೆವು. ಬಯಲಿನಲ್ಲಿ ಓದಿಕೆಗಳ ಚದುರುವಿಕೆ ಅರ್ಧ ಮೀಟರ್‌ಗೆ ಇಳಿಯಿತು, ದಿನದ ತೆವಳಾಟವಂತೂ ಬಹುತೇಕ ಮಾಯವಾಯಿತು. ಇಲ್ಲಿ ನಮ್ಮ ಅಲಕ್ಷ್ಯವೊಂದನ್ನು ಒಪ್ಪಿಕೊಳ್ಳಬೇಕು. ಹಿಂದಿನ ಎರಡು ಹಂತಗಳಲ್ಲಿ ಸರ್ವೆ ಕಲ್ಲಿನೊಂದಿಗೆ ಹೋಲಿಸಿ ನೋಡಿದ್ದ ನಾವು ಈ ಹಂತದಲ್ಲಿ ಚದುರುವಿಕೆಯನ್ನಷ್ಟೇ ನೋಡಿ ತೃಪ್ತರಾದೆವು.

ಏಳನೇ ವಾಲ್ವ್ ಮಾತ್ರ ಈ ಸುಧಾರಣೆಗೆ ಸೊಪ್ಪು ಹಾಕಲಿಲ್ಲ. ಅದು ಎರಡು ಅಂತಸ್ತಿನ ಕಟ್ಟಡದ ಗೋಡೆಗೂ ಒಂದು ಲೋಹದ ನೀರಿನ ತೊಟ್ಟಿಗೂ ನಡುವೆ ಇತ್ತು. ತಿದ್ದುಪಡಿ ಇದ್ದರೂ ಇಲ್ಲದಿದ್ದರೂ ಅಲ್ಲಿ ಓದಿಕೆ ಮೂರು ನಾಲ್ಕು ಮೀಟರ್ ಓಲಾಡುತ್ತಿತ್ತು. ಗೋಡೆಗೆ ಬಡಿದು, ಹತ್ತಾರು ಮೀಟರ್ ಹೆಚ್ಚು ದಾರಿ ಸವೆಸಿ ಬಂದ ಸಂಕೇತವು ನೇರ ಸಂಕೇತದೊಂದಿಗೆ ಬೆರೆತಾಗ, ಒಂದು ಚಿಪ್‌ಗೆ, ಅಂದರೆ ಕೋಡ್‌ನ ಒಂದು ಅಂಕಿಗೆ, 293 ಮೀಟರ್ ಉದ್ದವಿರುವ ಜಿಪಿಎಸ್ ಕೋಡ್‌ನಲ್ಲಿ ಎರಡನ್ನೂ ಬಿಡಿಸಿ ನೋಡುವುದು ಸಾಧಾರಣ ರಿಸೀವರ್‌ಗೆ ಆಗದ ಮಾತು. 12 ಕಿಲೋಮೀಟರ್ ದೂರದ ಕೇಂದ್ರಕ್ಕೆ ನಮ್ಮ ಗೋಡೆ ಕಾಣುವುದಿಲ್ಲ, ಆದ್ದರಿಂದ ಅದರ ತಿದ್ದುಪಡಿಯಲ್ಲಿ ಈ ದೋಷಕ್ಕೆ ಮದ್ದೂ ಇರುವುದಿಲ್ಲ. ಆಂಟೆನಾದ ಅಡಿಗೆ ಅಂಗೈ ಅಗಲದ ಲೋಹದ ತಟ್ಟೆ ಇಟ್ಟೆವು, ದಿಗಂತದಿಂದ 15 ಡಿಗ್ರಿಗಿಂತ ಕೆಳಗಿನ ಉಪಗ್ರಹಗಳನ್ನು ಲೆಕ್ಕದಿಂದ ಕೈಬಿಟ್ಟೆವು, ಸ್ವಲ್ಪ ಉಪಯೋಗವಾಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಟೇಪು. ಗೋಡೆಯಿಂದ ದೂರದ ಬಯಲಿನಲ್ಲಿ ಎರಡು ಬಿಂದುಗಳನ್ನು ಉಪಗ್ರಹದಿಂದ ಅಳೆದು, ಅವೆರಡರಿಂದಲೂ ಮುಚ್ಚಳದ ನಡುವಿಗೆ ಟೇಪು ಹಿಡಿದು, ಎರಡು ದೂರಗಳು ಕೂಡುವ ಜಾಗವನ್ನು ಲೆಕ್ಕ ಹಾಕಿದೆವು. ಉಪಗ್ರಹ ಕಾಣದ ಕಡೆ ಉಪಗ್ರಹವನ್ನೇ ಒತ್ತಾಯಿಸುವುದಕ್ಕಿಂತ ಇದು ಎಷ್ಟೋ ಲೇಸು.

ಫಿಕ್ಸ್ ಸಿಕ್ಕಿತು, ಸಮಸ್ಯೆ ಶುರುವಾಯಿತು

ಅರ್ಧ ಮೀಟರ್‌ನಿಂದ ಕೆಳಗಿಳಿಯಲು ಎರಡು ಆವರ್ತನಗಳ ರಿಸೀವರ್ ತಂದು ಆರ್‌ಟಿಕೆ ವಿಧಾನಕ್ಕೆ ಬಂದೆವು. ಇಲ್ಲಿ ಕೋಡ್ ಬದಲು ಅದನ್ನು ಹೊತ್ತು ತರುವ ಅಲೆಯನ್ನೇ ಅಳೆಯಲಾಗುತ್ತದೆ. ಎಲ್1 ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಅದರೊಳಗಿನ ಹಂತವನ್ನು ರಿಸೀವರ್ ಮಿಲಿಮೀಟರ್ ಮಟ್ಟದಲ್ಲಿ ಅಳೆಯಬಲ್ಲದು. ಆದರೆ ಉಪಗ್ರಹಕ್ಕೂ ಆಂಟೆನಾಕ್ಕೂ ನಡುವೆ ಒಟ್ಟು ಎಷ್ಟು ಪೂರ್ಣ ಅಲೆಗಳಿವೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಆ ಪೂರ್ಣಸಂಖ್ಯೆ ಇನ್ನೂ ತೀರ್ಮಾನವಾಗದ ಸ್ಥಿತಿಗೆ ಫ್ಲೋಟ್ ಎಂದೂ, ತೀರ್ಮಾನವಾದದ್ದಕ್ಕೆ ಫಿಕ್ಸ್ ಎಂದೂ ಹೆಸರು. ರಿಸೀವರ್ ಹೊರಡಿಸುವ ಜಿಜಿಎ ಎಂಬ, ಸ್ಥಾನದ ವಿವರವಿರುವ ಸಾಲಿನಲ್ಲಿ ಈ ಸ್ಥಿತಿ ಒಂದು ಅಂಕಿಯಾಗಿ ಕಾಣುತ್ತದೆ: ತಿದ್ದುಪಡಿ ಇಲ್ಲದಿದ್ದರೆ 1, ಎಸ್‌ಬಿಎಎಸ್ ಅಥವಾ ಕೋಡ್ ತಿದ್ದುಪಡಿಗೆ 2, ಫ್ಲೋಟ್‌ಗೆ 5, ಫಿಕ್ಸ್‌ಗೆ 4. ಐದಕ್ಕಿಂತ ನಾಲ್ಕು ಮೇಲು ಎಂಬುದು ಹೊಸಬರನ್ನು ಒಮ್ಮೆಯಾದರೂ ಗೊಂದಲಕ್ಕೀಡು ಮಾಡದೆ ಬಿಡದು.

ಫಿಕ್ಸ್ ಬಂದಾಗ ಅಡ್ಡಳತೆಯ ನಿಖರತೆಯನ್ನು ಸಾಮಾನ್ಯವಾಗಿ 1 ಸೆಂಟಿಮೀಟರ್ ಮತ್ತು ದೂರದ ದಶಲಕ್ಷದಲ್ಲೊಂದು ಭಾಗ ಎಂದು ಹೇಳುತ್ತಾರೆ. 12 ಕಿಲೋಮೀಟರ್‌ಗೆ ಅದು ಸುಮಾರು 2.2 ಸೆಂಟಿಮೀಟರ್. ನಮ್ಮ ಅಳತೆಯೂ ಹಾಗೆಯೇ ಇತ್ತು. ಬೆಳಿಗ್ಗೆ ಅಳೆದ ಮುಚ್ಚಳವನ್ನು ಸಂಜೆ ಮತ್ತೆ ಅಳೆದರೆ ಎರಡು ಸೆಂಟಿಮೀಟರ್ ಒಳಗೇ ಬಂದು ಕೂರುತ್ತಿತ್ತು. ಇನ್ನು ಉಳಿದದ್ದು ನಮ್ಮದೇ ಕೈತಪ್ಪುಗಳು ಎನ್ನಿಸಿತು: 2 ಮೀಟರ್ ಕೋಲು ಒಂದು ಡಿಗ್ರಿ ವಾಲಿದರೆ ತುದಿ ಮೂರೂವರೆ ಸೆಂಟಿಮೀಟರ್ ಸರಿಯುತ್ತದೆಂದು, ಕೋಲಿನ ನೀರ್ಗುಳ್ಳೆ ನಡುವಿಗೆ ಬರುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಮೊಬೈಲ್ ಸಂಪರ್ಕ ಕಡಿದು ತಿದ್ದುಪಡಿಯ ವಯಸ್ಸು 10 ಸೆಕೆಂಡ್ ಮೀರಿದ ಓದಿಕೆಗಳನ್ನು ಕೈಬಿಡುವ ನಿಯಮವನ್ನೂ ಮಾಡಿಕೊಂಡೆವು. ಮುಕ್ಕಾಲು ಪಾಲು ಕೆಲಸ ಮುಗಿದ ಮೇಲೆ, ಕೊನೆಯ ತಪಾಸಣೆಯೆಂದು ಕೋಲನ್ನು ಸರ್ವೆ ಕಲ್ಲಿನ ಮೇಲೆ ನಿಲ್ಲಿಸಿದಾಗ ಪರದೆಯ ಮೇಲೆ ಕಂಡ ಸ್ಥಾನವು ಕಲ್ಲಿನಿಂದ ಆಗ್ನೇಯಕ್ಕೆ 1.4 ಮೀಟರ್ ದೂರದಲ್ಲಿತ್ತು. ಸ್ಥಿತಿಯ ಅಂಕಿ 4. ಚದುರುವಿಕೆ ಒಂದು ಸೆಂಟಿಮೀಟರ್.

ಎರಡನೆಯ ಕಲ್ಲಿಗೆ ಹೋದೆವು. ಅಲ್ಲಿಯೂ ಆಗ್ನೇಯಕ್ಕೆ 1.4 ಮೀಟರ್. ಮೂರನೆಯದೂ ಅಷ್ಟೇ.

ಮೂರು ಕಡೆಯೂ ದೂರ ಮತ್ತು ದಿಕ್ಕು ಒಂದೇ ಆಗಿದ್ದದ್ದು ಅರ್ಧ ಉತ್ತರವನ್ನು ಆಗಲೇ ಹೇಳಿತ್ತು. ಪ್ರತಿಫಲನದ ದೋಷವಾಗಿದ್ದರೆ ಜಾಗದಿಂದ ಜಾಗಕ್ಕೆ ಬದಲಾಗಬೇಕಿತ್ತು. ಅಲೆಗಳ ಪೂರ್ಣಸಂಖ್ಯೆ ತಪ್ಪಾಗಿ ತೀರ್ಮಾನವಾಗಿದ್ದರೆ ಸಂಪರ್ಕ ಕಡಿದು ಮತ್ತೆ ಜೋಡಿಸಿದಾಗಲೆಲ್ಲ ಬೇರೆ ಬೇರೆ ಉತ್ತರ ಬರಬೇಕಿತ್ತು, ಎತ್ತರವೂ ಅದರ ಜೊತೆ ಕುಣಿಯಬೇಕಿತ್ತು. ಅಯಾನುಗೋಳವಾಗಿದ್ದರೆ ಹೊತ್ತಿಗೊಂದು ಬಗೆ ಇರಬೇಕಿತ್ತು. ಹಾಗಾದರೆ ಕಲ್ಲುಗಳ ನಿರ್ದೇಶಾಂಕ ತಪ್ಪಿರಬೇಕು, ಅಥವಾ ಎರಡೂ ಬೇರೆ ಬೇರೆ ಉಲ್ಲೇಖ ಚೌಕಟ್ಟಿನಲ್ಲಿರಬೇಕು, ಅಥವಾ ನೆಲೆ ಕೇಂದ್ರದ ಸ್ಥಾನವೇ ತಪ್ಪಿರಬೇಕು.

ಚೌಕಟ್ಟಿನ ಅನುಮಾನ ಹುರುಳಿಲ್ಲದ್ದೇನಲ್ಲ. ಭೂಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತಲೇ ಇರುತ್ತವೆ; ನೆಲಕ್ಕೆ ಕಟ್ಟಿಹಾಕಿದ ಚೌಕಟ್ಟಿಗೂ ಇಡೀ ಭೂಮಿಗೆ ಹೊಂದಿಸಿದ ಐಟಿಆರ್‌ಎಫ್ ಚೌಕಟ್ಟಿಗೂ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಚಲಿಸುವ ಆಸ್ಟ್ರೇಲಿಯ ತನ್ನ 1994ರ ಚೌಕಟ್ಟನ್ನು ಬಿಟ್ಟು 2020ರದ್ದಕ್ಕೆ ಹೋದಾಗ ಎಲ್ಲ ನಿರ್ದೇಶಾಂಕಗಳೂ ಸುಮಾರು 1.8 ಮೀಟರ್ ಬದಲಾದವು. ಆದರೆ ನಮ್ಮ ಕಲ್ಲುಗಳ ಹಾಳೆ ಕೆಲವೇ ವರ್ಷ ಹಳೆಯದು, ಐಟಿಆರ್‌ಎಫ್‌ನಲ್ಲೇ ಇದ್ದದ್ದು. ಅಷ್ಟು ಕಾಲದಲ್ಲಿ ಹತ್ತಿಪ್ಪತ್ತು ಸೆಂಟಿಮೀಟರ್ ಆಗಬಹುದೇ ಹೊರತು 1.4 ಮೀಟರ್ ಆಗದು.

ಉಳಿದ ಎರಡು ಸಾಧ್ಯತೆಗಳನ್ನು ಬೇರ್ಪಡಿಸಲು ಸುಲಭದ ದಾರಿಯೆಂದರೆ ಇನ್ನೊಂದು ಕೇಂದ್ರದ ಮಾತು ಕೇಳುವುದು. ಸುಮಾರು 30 ಕಿಲೋಮೀಟರ್ ದೂರದಲ್ಲಿ, ಭೂಮಾಪನಕ್ಕೆಂದೇ ನಡೆಸುವ ಜಾಲದ ಕೇಂದ್ರವೊಂದಿತ್ತು. ಅದಕ್ಕೆ ಜೋಡಿಸುವಷ್ಟರಲ್ಲಿ ಒಂದು ಮಧ್ಯಾಹ್ನ ಹಾಳಾಯಿತು. ಸಂಪರ್ಕ ಸಿಕ್ಕಿದೆ ಎನ್ನುತ್ತಿದ್ದ ಪರದೆಗೆ ಒಂದು ಬೈಟ್ ಕೂಡ ಬರುತ್ತಿರಲಿಲ್ಲ. ಇಂತಹ ಜಾಲಗಳು ಬಳಕೆದಾರನ ಸುತ್ತ ಒಂದು ಕಲ್ಪಿತ ಕೇಂದ್ರವನ್ನು ಲೆಕ್ಕ ಹಾಕಿ ಕೊಡುವುದರಿಂದ, ಬಳಕೆದಾರ ಮೊದಲು ತನ್ನ ಅಂದಾಜು ಸ್ಥಾನವನ್ನು ಜಿಜಿಎ ಸಾಲಿನಲ್ಲಿ ಕಳಿಸಬೇಕು, ನಾವು ಕಳಿಸಿರಲಿಲ್ಲ. ಅದನ್ನು ಸರಿಪಡಿಸಿದ ಮೇಲೆ ಮೂರು ಕಲ್ಲುಗಳ ಮೇಲೂ ನಾಲ್ಕೈದು ಸೆಂಟಿಮೀಟರ್ ಒಳಗಿನ ಉತ್ತರ ಬಂತು. ತಪ್ಪು ಕಲ್ಲಿನದಲ್ಲ, ನಾವು ನೆಚ್ಚಿಕೊಂಡಿದ್ದ ಕೇಂದ್ರದ್ದು.

ನೆಲೆ ಕೇಂದ್ರವು ತನ್ನ ಸ್ಥಾನವನ್ನು ಆರ್‌ಟಿಸಿಎಂನ 1005ನೇ ಸಂದೇಶದಲ್ಲಿ ಭೂಕೇಂದ್ರದಿಂದ ಅಳೆದ ಮೂರು ಸಂಖ್ಯೆಗಳಾಗಿ ಹೇಳುತ್ತದೆ, ಅದೂ ಮಿಲಿಮೀಟರ್‌ನ ಹತ್ತನೇ ಒಂದು ಭಾಗದವರೆಗೆ. ದಶಾಂಶ ಬಿಂದುವಿನ ನಂತರ ಅಷ್ಟು ಅಂಕಿಗಳನ್ನು ಕಂಡವರಿಗೆ ಅದು ಸುಳ್ಳಾಗಿರಬಹುದೆಂಬ ಅನುಮಾನ ಹುಟ್ಟುವುದಿಲ್ಲ, ನಮಗೂ ಹುಟ್ಟಿರಲಿಲ್ಲ. ಕೇಂದ್ರ ನಡೆಸುವವರನ್ನು ವಿಚಾರಿಸಿದಾಗ ವಿಷಯ ತಿಳಿಯಿತು. ಅವರು ಕೇಂದ್ರವನ್ನು ಹೂಡಿದ ದಿನ ಸರ್ವೆ-ಇನ್ ಎಂಬ ಕ್ರಮ ಬಳಸಿದ್ದರು. ಅಂದರೆ ನೆಲೆಯ ರಿಸೀವರ್ ಯಾವ ತಿದ್ದುಪಡಿಯೂ ಇಲ್ಲದೆ ಸ್ವಲ್ಪ ಹೊತ್ತು ತನ್ನ ಬರಿಯ ಸ್ಥಾನದ ಸರಾಸರಿ ತೆಗೆದು, ಅದನ್ನೇ ತನ್ನ ಖಚಿತ ಸ್ಥಾನವೆಂದು ಘೋಷಿಸಿಕೊಂಡಿತ್ತು. ಮೊದಲ ದಿನ ನಾವು ಕಲ್ಲಿನ ಮೇಲೆ ಕಂಡ, ನಿಧಾನವಾಗಿ ತೆವಳುವ, ಸರಾಸರಿಗೆ ಬಗ್ಗದ ದೋಷ ಇದೇ. ಅದರಿಂದ ಬಿಡಿಸಿಕೊಳ್ಳಲೆಂದು ಹಿಡಿದ ದಾರಿಯೇ ಬೇರೆಯವರ ಒಂದು ದಿನದ ಆ ದೋಷವನ್ನು ನಮ್ಮ ಪ್ರತಿ ವಾಲ್ವ್‌ಗೂ ಹಚ್ಚಿತ್ತು. ಹಿಂದಿನ ಹಂತದ ಕೋಡ್ ಅಳತೆಗಳಲ್ಲೂ ಇದು ಇದ್ದೇ ಇತ್ತು. ಕಲ್ಲಿನ ಮೇಲೆ ಒಮ್ಮೆ ನಿಂತಿದ್ದರೆ ಅಂದೇ ಕಾಣುತ್ತಿತ್ತು.

ಸರಿಪಡಿಸಿದ ಬಗೆ

ಮತ್ತೆ ಎಲ್ಲವನ್ನೂ ಅಳೆಯಬೇಕಾಯಿತೇ ಎಂದರೆ ಇಲ್ಲ, ಈ ಪ್ರಕರಣದಲ್ಲಿ ತಿಳಿದುಕೊಳ್ಳಬೇಕಾದ ಮುಖ್ಯ ಅಂಶವೂ ಅದೇ. ಆರ್‌ಟಿಕೆ ನಿಜವಾಗಿ ಅಳೆಯುವುದು ನೆಲೆ ಕೇಂದ್ರದಿಂದ ನಮ್ಮವರೆಗಿನ ಗೆರೆಯನ್ನು. ಆ ಗೆರೆಗೆ ಕೇಂದ್ರದ ಸ್ಥಾನವನ್ನು ಕೂಡಿಸಿದಾಗ ನಮ್ಮ ಸ್ಥಾನ ಸಿಗುತ್ತದೆ. ಕೇಂದ್ರದ ಸ್ಥಾನ 1.4 ಮೀಟರ್ ತಪ್ಪಿದ್ದರಿಂದ 12 ಕಿಲೋಮೀಟರ್ ಉದ್ದದ ಗೆರೆಯಲ್ಲಿ ಆಗುವ ತಪ್ಪು ಒಂದು ಮಿಲಿಮೀಟರ್‌ಗಿಂತ ಕಡಿಮೆ, ಏಕೆಂದರೆ ಅದು ಆ ಎರಡರ ಗುಣಲಬ್ಧವನ್ನು ಉಪಗ್ರಹದ ದೂರದಿಂದ ಭಾಗಿಸಿದಷ್ಟು ಮಾತ್ರ. ಗೆರೆಗಳೆಲ್ಲ ಸರಿಯಾಗಿದ್ದವು, ಅವು ಹೊರಟ ಬಿಂದುವೊಂದೇ ಸರಿದಿತ್ತು.

ನಮ್ಮ ಕೋರಿಕೆಯಂತೆ ಕೇಂದ್ರದವರು 24 ಗಂಟೆಗಳ ಕಚ್ಚಾ ದತ್ತಾಂಶವನ್ನು ರೈನೆಕ್ಸ್ ಕಡತವಾಗಿ ಬರೆದುಕೊಂಡು, ಕೆನಡಾ ಸರ್ಕಾರ ಉಚಿತವಾಗಿ ನಡೆಸುವ ಪಿಪಿಪಿ ಸೇವೆಗೆ ಕಳಿಸಿದರು. ಇಂತಹ ಸೇವೆಗಳು ಪಕ್ಕದ ಯಾವ ಕೇಂದ್ರವನ್ನೂ ಅವಲಂಬಿಸದೆ, ಉಪಗ್ರಹಗಳ ನಿಖರ ಕಕ್ಷೆ ಮತ್ತು ಗಡಿಯಾರದ ಲೆಕ್ಕದಿಂದಲೇ ಸೆಂಟಿಮೀಟರ್ ಮಟ್ಟದ ಸ್ಥಾನ ಕೊಡುತ್ತವೆ. ಹಳೆಯ ಸ್ಥಾನಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಎಲ್ಲ ಬಿಂದುಗಳಿಗೂ ಒಂದೇ ಸಮನೆ ಹಚ್ಚಿದೆವು. ಪಿಪಿಪಿ ಕೊಟ್ಟ ಉತ್ತರ ದತ್ತಾಂಶ ಹಿಡಿದ ದಿನಕ್ಕೆ ಸಂಬಂಧಿಸಿದ್ದು, ಕಲ್ಲುಗಳ ಹಾಳೆ ಕೆಲವು ವರ್ಷ ಹಿಂದಿನದ್ದು. ನಡುವಿನ ಭೂಫಲಕದ ಚಲನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಮೂರು ಕಲ್ಲುಗಳಲ್ಲೂ ಉಳಿದ ವ್ಯತ್ಯಾಸ ಮೂರು ಸೆಂಟಿಮೀಟರ್ ಮೀರಲಿಲ್ಲ. ಪ್ರತಿ ಬಿಂದುವಿನ ಜೊತೆ ಮೌಂಟ್‌ಪಾಯಿಂಟ್‌ನ ಹೆಸರು, ಸ್ಥಿತಿಯ ಅಂಕಿ, ತಿದ್ದುಪಡಿಯ ವಯಸ್ಸು ಬರೆದಿಟ್ಟಿದ್ದದ್ದು ನಮ್ಮನ್ನು ಕಾಪಾಡಿತು. ಬರಿಯ ಅಕ್ಷಾಂಶ ರೇಖಾಂಶ ಉಳಿಸಿಕೊಂಡಿದ್ದರೆ ಯಾವುದಕ್ಕೆ ಎಷ್ಟು ಕೂಡಿಸಬೇಕೆಂದು ತಿಳಿಯುವ ಉಪಾಯವೇ ಇರುತ್ತಿರಲಿಲ್ಲ. ಸ್ಥಿತಿ 5 ಎಂದು ದಾಖಲಾಗಿದ್ದ ನಾಲ್ಕು ಬಿಂದುಗಳನ್ನು ಮಾತ್ರ ಮತ್ತೆ ಅಳೆದೆವು.

30 ಸೆಂಟಿಮೀಟರ್ ಗುರಿಗೆ ಆರ್‌ಟಿಕೆ ಬೇಕಿತ್ತೇ ಎಂಬ ಪ್ರಶ್ನೆ ತಂಡದಲ್ಲಿ ಎದ್ದಿತ್ತು. ಯುರೋಪಿನ ಉಪಗ್ರಹ ಸ್ಥಾನನಿರ್ಣಯ ವ್ಯವಸ್ಥೆಯಾದ ಗೆಲಿಲಿಯೊ 2023ರ ಜನವರಿಯಿಂದ ಉಚಿತವಾಗಿ ಬಿತ್ತರಿಸುತ್ತಿರುವ ಎಚ್ಎಎಸ್ ತಿದ್ದುಪಡಿಯ ಗುರಿಯೇ ಅಡ್ಡಳತೆಯಲ್ಲಿ 20 ಸೆಂಟಿಮೀಟರ್. ಅದಕ್ಕೆ ನೆಲೆ ಕೇಂದ್ರ ಬೇಡ, ಆದ್ದರಿಂದ ಹೀಗೊಂದು ಕೇಂದ್ರದ ತಪ್ಪು ತಗಲುವ ಭಯವೂ ಇಲ್ಲ. ಆದರೆ ಅದಕ್ಕೆ ತಕ್ಕ ರಿಸೀವರ್ ಬೇಕು, ಉತ್ತರ ನೆಲೆಗೊಳ್ಳುವವರೆಗೆ ಕೆಲವು ನಿಮಿಷ ಕಾಯಬೇಕು, ಕಟ್ಟಡದ ಮರೆಗೆ ಹೋಗಿ ಬಂದಾಗ ಕಾಯುವುದು ಮೊದಲಿನಿಂದ ಶುರುವಾಗಬಹುದು. ಬಯಲಿನ ಕೆಲಸವಾಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಇಲ್ಲಿ ಕಟ್ಟಡಗಳು ಹೆಚ್ಚಿದ್ದರಿಂದ ಕೆಲವೇ ಸೆಕೆಂಡುಗಳಲ್ಲಿ ಫಿಕ್ಸ್ ಮರಳಿ ಸಿಗುವ ಆರ್‌ಟಿಕೆಯೇ ಸರಿಯಿತ್ತು ಎಂಬುದು ನನ್ನ ಅಭಿಪ್ರಾಯ.

ಮಣ್ಣು ತುಂಬಿ ನೆಲ ಸಮ ಮಾಡಿದ ಮೇಲೆ ಪರೀಕ್ಷೆಗೆಂದು ಎರಡು ಜಾಗಗಳನ್ನು ಅಗೆಸಿದೆವು. ಒಂದು ಬಯಲಿನದು, ಇನ್ನೊಂದು ಗೋಡೆಯ ಪಕ್ಕದ ಏಳನೇ ವಾಲ್ವ್. ಪಟ್ಟಿಯ ಸ್ಥಾನದಲ್ಲಿ ಗೂಟ ನೆಟ್ಟು, ಅದರ ಸುತ್ತ ಗುದ್ದಲಿ ಹಾಕಿಸಿದಾಗ, ಬಯಲಿನ ಮುಚ್ಚಳದ ನಡುಭಾಗ ಗೂಟದಿಂದ ನಾಲ್ಕು ಸೆಂಟಿಮೀಟರ್ ದೂರದಲ್ಲಿ ಸಿಕ್ಕಿತು. ಟೇಪಿನಿಂದ ಅಳೆದಿದ್ದ ಏಳನೆಯದು ಹನ್ನೊಂದು ಸೆಂಟಿಮೀಟರ್ ಆಚೆಗಿತ್ತು.